ಸೀರಿಯಸ್ ಅಂದ್ರ ಸೀರಿಯಸ್ ಅಷ್ಟ

ಹಲೋ… ಹಲೋ, ಯಾರು ಮಾತಾಡೋರು? ಮಡಿವಾಳಪ್ಪನವ್ರ ಫೋನ್ ಅಲ್ಲೇನ್ರಿ ಇದು?… ಹಾಂ, ಯಾರು, ಶಿವಯೋಗೀಶ ಕಾಕಾರ? ನಾನ್ರಿ ಕಾಕಾರ, ಉಮಾಶ್ರೀ. ಪ್ರಸಾದನ ಹೇಂತಿ. ಹುಬ್ಬಳ್ಳಿ ದವಾಖಾನಿಯಿಂದ ಮಾತಾಡಾಕತ್ತೇನಿ.

… ಹೌದ್ರಿ, ನಾನ. ಭಾವಾರ ಫೋನ್ ನಿಮ್ಮ ಕೈಯಾಗ ಹೆಂಗ ಬಂತು? ಅವ್ರೆಲ್ಲಿ ಅದಾರ? ಇಷ್ಟೊತ್ತಿಗೆ ಅವ್ರು ಇಲ್ಲಿ ಬಂದು ಮುಟ್ಟಬೇಕಿತ್ತಲ್ರಿ. ಮುಂಜಾನೆನ ನೆಗೆಣ್ಣಿ ಸಂಗವ್ವಕ್ಕಗ ಫೋನ್ ಮಾಡಿ ಹೇಳೇನಿ, ಭಾವಾರನ್ನ ಲಗೂ ಕಳಸ್ರಿ ಅಂತ. ಆವಾಗಿಂದ ಹಚ್ಚೀ ಹಚ್ಚೀ ನನ್ನ ಬಟ್ಟು ನೊಂದುವು. ಒಬ್ಬರೂ ಎತ್ತವಲ್ರಿ.

… ಏನ್ರಿ? ಹೊಲಕ್ಕ ಹೋಗ್ಯಾರ?… ಇವತ್ತ ಎಂಥಾ ಹೊಲದ ಕೆಲಸ್ರಿ ಕಾಕಾರ? ತಮ್ಮ ಇಲ್ಲಿ ಹಿಂಗ ಬಿದ್ದಾನ, ಇವ್ರು ಹೊಲಕ್ಕ ಹೋಗ್ಯಾರ?

… ಹಲೋ? ಕಾಕಾರ, ನೀವ್ಯಾಕ ಅಳಾಕತ್ತೀರಿ? ಅಳಬ್ಯಾಡ್ರಿ… ನಾನೂ ಅಳಬೇಕ? ಅತ್ತು ಹಗುರಾಗಬೇಕ? ನನಗ ಈಗ ಅಳಾಕ ಪುರಸತ್ತಿಲ್ರಿ. ನಾ ಗಟ್ಟಿ ಅದೇನಿ. ನನಗ ಸಮಾಧಾನ ಬ್ಯಾಡ, ಭಾವಾರು ಬೇಕು.

… ತಡೀರಿ. ಒಂದು ನಿಮಿಷ ತಡೀರಿ. ಹಿಂದ ಅದೇನು ಸಪ್ಪಳ? ತಾಳಾ, ಪೇಟಿ… ಭಜನಿ ಏನ್ರಿ ಅದು? ಇವತ್ತ ಸೋಮಾರನೂ ಅಲ್ಲ, ಅಮಾಸಿನೂ ಅಲ್ಲ. ಯಾರ ಮನಿ ಮುಂದ?… ನಮ್ಮನಿ ಮುಂದ?

… ಕಾಕಾರ, ಯಾರು ಹೋದ್ರು?

… ಮಾತಾಡ್ರಿ. ಯಾರು ಹೋದ್ರು ಅಂತ ಕೇಳಾಕತ್ತೇನಿ.

… ಯಾರು?… ಇನ್ನೊಮ್ಮೆ ಹೇಳ್ರಿ… ನಿಮ್ಮ ಬಾಯಾಗ ಮಣ್ಣು ಬೀಳ್ಲಿ, ಕಾಕಾರ. ಹಿರ್ಯಾರಿಗೆ ಹಿಂಗ ಅನಬಾರ್ದು, ನನಗೂ ಗೊತ್ತೈತಿ, ಆದ್ರ ಅಂದೇನಿ, ಹಿಂದಕ್ಕ ತಗೊಳ್ಳಾಂಗಿಲ್ಲ. ಅವ್ರು ಸತ್ತಿಲ್ಲ. ನನ್ನ ಗಂಡ ಸತ್ತಿಲ್ರಿ. ಈ ಗಾಜಿನ ಬಾಗಲದ ಆಚೆ ಮಂಚದ ಮ್ಯಾಲೆ ಅದಾರ. ಎದಿ ಮ್ಯಾಲಕ್ಕ ಕೆಳಕ್ಕ ಆಗೋದು ನನಗ ಇಲ್ಲಿಂದನ ಕಾಣಾಕತ್ತೈತಿ.

… ಸಂಗವ್ವಕ್ಕ ಹೇಳಿದ್ಲಾ? ಏನಂತ ಹೇಳಿದ್ಲು?… ಸೀರಿಯಸ್ ಅದಾರ ಅಂತ ನಾ ಹೇಳಿದ್ನಿ ಅಂತನ? ಹೌದು, ಹೇಳಿದ್ನಿ. ಸೀರಿಯಸ್ ಅದಾರ, ಲಗೂ ಬರ್ರಿ, ಭಾವಾರಿಗೆ ಮೆತ್ತಗ ಹೇಳ್ರಿ ಅಂದ್ನಿ. ಅದರಾಗ ಸತ್ತಾರ ಅನ್ನೋ ಮಾತೆಲ್ಲಿ ಬಂತ್ರಿ?

… ಇಲ್ರಿ. ಮೆತ್ತಗ ಹೇಳ್ರಿ ಅಂದದ್ದು ಭಾವಾರಿಗೆ ಬೀಪಿ ಐತಿ ಅಂತ. ಅಂಜಿ ಗಾಡಿ ಜೋರ್ ಹೊಡೀಬಾರ್ದು ಅಂತ. ಅದಕ್ಕ ಹೊರತು ಬ್ಯಾರೆ ಏನಕ್ಕೂ ಅಲ್ಲ. ಅಯ್ಯ ಶಿವನ.

… ಕಾಕಾರ, ನಾ ಹೇಳೋದನ್ನ ಪೂರಾ ಕೇಳ್ರಿ, ನಡಕ ಬಾಯಿ ಹಾಕಬ್ಯಾಡ್ರಿ. ಮುಂಜಾನೆ ಉಣಕಲ್ ದಾಟಿದ ಮ್ಯಾಲೆ ಅವ್ರ ಗಾಡಿ ಜಾರಿ ಬಿತ್ತು. ಮ್ಯಾಲೆ ಗಾಯ ಭಾಳ ಇಲ್ಲ, ಹೊಟ್ಟಿ ಒಳಗ ರಕ್ತ ಸೋರಾಕತ್ತೈತಿ. ಆಪರೇಷನ್ ಮಾಡಬೇಕು. ಮಾಡಾಕ ರಕ್ತ ಬೇಕು. ಅವ್ರದು ಓ ನೆಗೆಟಿವ್, ಎಲ್ಲಾರ ಹತ್ರ ಸಿಗೋದಲ್ಲ. ಇದ್ದಷ್ಟು ಏರಿಸ್ಯಾರ. ಇನ್ನಷ್ಟು ಸಲುವಾಗಿ ಊರ ತುಂಬ ಫೋನ್ ಮಾಡಾಕತ್ತಾರ. ಭಾವಾರದೂ ಅದ ರಕ್ತ. ಮಠದಾಗ ರಕ್ತದಾನ ಶಿಬಿರ ಮಾಡಿದಾಗ ಡಾಕ್ಟರು ಅವ್ರ ಬೆನ್ನು ತಟ್ಟಿದ್ರಲ್ಲ, ಅಪರೂಪದ ರಕ್ತ ಐತಿ ಗೌಡ್ರ ಅಂತ, ನೀವೂ ಅಲ್ಲೇ ಕುಂತಿದ್ರಿ. ಅದಕ್ಕ ಅವ್ರು ಬೇಕು. ತಿಳೀತೇನ್ರಿ? ಅತ್ತು ಕರಿಯಾಕ ಅಲ್ಲ, ರಕ್ತ ಕೊಡಾಕ.

… ಇಲ್ಲ, ನನಗ ಭ್ರಮಿ ಆಗಿಲ್ಲ.

… ನನ್ನ ತಲಿ ನೆಟ್ಟಗೈತಿ. ನೀವು ಹಂಗ ಯಾಕ ಮಾತಾಡಾಕತ್ತೀರಿ, ಸಣ್ಣ ಕೂಸಿಗೆ ಹೇಳಿದಂಗ? "ಹೂಂ ಮಗಳ, ಹೂಂ ಮಗಳ" ಅಂತ. ನಿಮ್ಮ ಹೂಂ ನನಗ ಗೊತ್ತೈತಿ. ಮಾತು ಒಳಗ ಇಳೀಲಿಲ್ಲಂದ್ರ ನೀವು ಹಂಗ ಹೂಂ ಅಂತೀರಿ.

… ಅಲ್ರಿ, ಪೋಸ್ಟ್‌ಮಾರ್ಟಮ್ ಅಂತ ಯಾರು ಹೇಳಿದ್ರು? ಆಕ್ಸಿಡೆಂಟ್ ಅಂದ ಕೂಡ್ಲೆ ಪೋಲೀಸ್ರು, ಪೋಸ್ಟ್‌ಮಾರ್ಟಮ್, ಸಂಜಿಮುಂದ ಬಾಡಿ ಬರ್ತೈತಿ, ಅಲ್ಲಿ ಹೋಗಿ ಗುಂಪು ಕೂಡೋದು ಬ್ಯಾಡ, ಇಲ್ಲೇ ತಯಾರಿ ಮಾಡೂಣು… ನೀವ ಹಿಂಗ ಹೇಳಿ ಕುಂದ್ರಿಸಿದ್ರಿ ಎಲ್ಲಾರನ್ನ, ಹೌದಿಲ್ಲ? ಎತ್ತು ಈದೈತಿ ಅಂದ್ರ ಕೊಟಗ್ಯಾಗ ಕಟ್ಟು ಅಂದ್ರಂತ. ಒಬ್ಬರಿಗೂ ನನಗ ತಿರುಗಿ ಒಂದು ಫೋನ್ ಹಚ್ಚಬೇಕು ಅನಿಸಲಿಲ್ಲ?

… ಕೇಳಬಾರ್ದಂತ? ಯಾಕ ಕೇಳಬಾರ್ದು?… ಹಾಂ. ಹೇಳಿದವ್ರ ಎದಿ ಇನ್ನೊಮ್ಮೆ ಒಡೀತೈತಿ ಅಂತ. ಸೀರಿಯಸ್ ಅಂದ ಮ್ಯಾಲೆ ಮತ್ತ ಕೆದರಿ ಕೇಳೋದು ಚಂದಲ್ಲ. ಚಂದಾನ ಐತಿ ನಿಮ್ಮ ರಿವಾಜು. ಅದರ ಚಂದಕ್ಕ ನನ್ನ ಗಂಡ ಒಳಗ ಬೆಳ್ಳಗಾಗಾಕತ್ತಾನ.

… ಗೊತ್ತೈತ್ರಿ. ನನಗ ಹೇಳಿಕೊಡಬ್ಯಾಡ್ರಿ. ಅತ್ತಿಯವ್ರು ಹೋದಾಗ ನೀವ ಫೋನ್ ಮಾಡಿದ್ರಿ, ನೆನಪೈತಿಲ್ಲ? "ಅವ್ವಗ ಸೀರಿಯಸ್ ಐತಿ, ಹೊಂಡ್ರಿ" ಅಂದ್ರಿ. ನಾವು ಅಷ್ಟ ಅಂತ ನಂಬಿದ್ವಿ. ಇವ್ರು ದಾರ್ಯಾಗ ಗಾಡಿ ನಿಂದ್ರಿಸಿ ಎಳನೀರು ಕಟ್ಟಿಸಿಕೊಂಡ್ರು, ದ್ರಾಕ್ಷಿ ತಗೊಂಡ್ರು, ಅವ್ವಗ ಬಿಳಿ ದ್ರಾಕ್ಷಿ ಸೇರ್ತೈತಿ ಅಂತ ಆರಿಸಿ ಆರಿಸಿ. ಓಣ್ಯಾಗ ಕಾಲಿಟ್ರ ಪೆಂಡಾಲ್. ಆ ದ್ರಾಕ್ಷಿ ಚೀಲಾ ಕೈಯಾಗ ಹಿಡಕೊಂಡ ಅವ್ರು ಹೆಣದ ಮುಂದ ನಿಂತಿದ್ರು. ಅವತ್ತಿಂದ ಅವ್ರು ದ್ರಾಕ್ಷಿ ಬಾಯಿಗೆ ಹಾಕಿಲ್ರಿ.

… ಹೌದು, ನೀವು ಒಳ್ಳೇದಕ್ಕ ಮಾಡಿದ್ರಿ. ಇಲ್ಲಂತ ಅನ್ನಾಂಗಿಲ್ಲ. ಊರಾಗ ಯಾರ ಸತ್ರೂ ಸುದ್ದಿ ಹೇಳೋ ಕೆಲಸ ನಿಮ್ಮ ಕೊಳ್ಳಿಗೆ. ನಿಮ್ಮಷ್ಟು ಮೆತ್ತಗ ಯಾರಿಗೂ ಹೇಳಾಕ ಬರಾಂಗಿಲ್ಲ. ಆದ್ರ ಇವತ್ತ ಆ ಮಾತು ಹೇಳಿದಾಕಿ ನಾನು, ನೀವಲ್ಲ. ನಾ ಸಾಲ್ಯಾಗ ಇಂಗ್ಲಿಷ್ ಕಲಸಾಕಿ. ನಾ ಸೀರಿಯಸ್ ಅಂದ್ರ ಸೀರಿಯಸ್ ಅಷ್ಟ.

… ಅರ್ಥಾ? ಈಗ ಅರ್ಥಾ ಬೇಕೇನ್ರಿ ನಿಮಗ?… ಹೇಳ್ತೇನಿ. ಎಂಟನೇತ್ತೆ ಹುಡುಗ್ರಿಗೆ ಹೇಳಿದಂಗ ಹೇಳ್ತೇನಿ. ಒಬ್ಬ ಮನಷ್ಯಾ ನಗಲಾರದ ಮಾರಿ ಮಾಡಿಕೊಂಡು ಕುಂತ್ರ ಅದಕ್ಕ ಸೀರಿಯಸ್ ಅಂತಾರ, ನೀವು ಪಂಚಾಯ್ತಿ ಕಟ್ಟಿ ಮ್ಯಾಲೆ ಕುಂದ್ರತೀರಲ್ಲ ಹಂಗ. ಚಾಷ್ಟಿ ಅಲ್ಲ, ಖರೇನ ಹೇಳಾಕತ್ತೇನಿ ಅನ್ನಾಕೂ ಅಂತಾರ. ಮನಸ್ಸಿಟ್ಟು ಓದೋ ಹುಡುಗಗೂ ಅಂತಾರ. ಜಡ್ಡು ಭಾಳ ಆಗೇತಿ, ಅಂಜಿಕಿ ಐತಿ, ಆದ್ರ ಮನಷ್ಯಾ ಇನ್ನೂ ಅದಾನ ಅನ್ನಾಕೂ ಅಂತಾರ. ಅಷ್ಟರಾಗ ಮುಗೀತು. ಸತ್ತಾನ ಅನ್ನೋ ಅರ್ಥಾ ಯಾವ ಡಿಕ್ಷನರ್ಯಾಗೂ ಇಲ್ಲ. ಅದು ನೀವು ನಮ್ಮೂರು ಹೆಬ್ಬಳ್ಳ್ಯಾಗ ಮಾಡಿದ್ದು.

… ಹುಬ್ಬಳ್ಳ್ಯಾಗೂ ಹಂಗ ಅಂತಾರ, ಹೌದು. ಧಾರವಾಡದಾಗೂ ಅಂತಾರ. ಎಲ್ಲಾರೂ ಕೂಡಿ ಆ ಶಬ್ದಾನ ಕೊಂದ್ರಿ. ಈಗ ಜೀವ ಇದ್ದವ್ರ ಸಲುವಾಗಿ ನಾ ಏನು ಹೇಳ್ಲಿ? ಯಾವ ಮಾತು ಉಳಿಸೀರಿ?

… ಬ್ಯಾರೆ ಶಬ್ದಾ. ಬ್ಯಾರೆ ಶಬ್ದಾ ಹೇಳ್ಲೇನ್ರಿ? ಕ್ರಿಟಿಕಲ್ ಅಂದ್ರ ನಂಬ್ತೀರಿ?… ಹೂಂ, ಹೂಂ, ಕೆಳಗಿನ ಓಣಿ ಬಸೆಟ್ಟೆಪ್ಪಗ ಕ್ರಿಟಿಕಲ್ ಅಂದಾಗ ಅವ ಐಸಿನ ಪೆಟಗ್ಯಾಗ ಇದ್ದ. ಆತು, ಅದು ಬ್ಯಾಡ. ಚಿಂತಾಜನಕ?… ಪೇಪರಿನ್ಯಾಗ ಇವತ್ತ ಚಿಂತಾಜನಕ ಅಂದ್ರ ನಾಳೆ ಫೋಟೋ ಬರ್ತೈತಿ, ಅದೂ ಖರೇ. ಗಂಭೀರ ಅಂದ್ರ? ಅದಕ್ಕೂ ಹಂಗ. ಡೇಂಜರ್?… ಕಾಕಾರ, ನೀವ ಒಂದು ಹೇಳ್ರಿ. ನಿಮಗ ಅಷ್ಟು ವಯಸ್ಸಾಗೇತಿ, ಅಷ್ಟು ಊರು ನೋಡೀರಿ. ಮನಷ್ಯಾ ಸಾಯೋ ಹಂಗ ಅದಾನ, ಆದ್ರ ಸತ್ತಿಲ್ಲ, ಲಗೂ ಬಂದ್ರ ಬದಕ್ತಾನ. ಇದಕ್ಕ ನಮ್ಮೊಳಗ ಏನಂತಾರ? ಒಂದು ಮಾತು ಹೇಳ್ರಿ, ನಾ ಅದನ್ನ ಅಂತೇನಿ.

… ಮತ್ತ ಅದ "ಹೂಂ ಮಗಳ"?

… ಇಲ್ಲ, ನೀವು ಹಂಗನಬ್ಯಾಡ್ರಿ. ಅವ್ರು ಹೋಗ್ಯಾರ, ನನಗ ಹೇಳಾಕ ಬಾಯಿ ಬರವಲ್ದು, ಅದಕ್ಕ ಹಿಂಗ ಸುತ್ತಿ ಬಳಸಿ ಹೇಳಾಕತ್ತೇನಿ ಅಂತ ತಿಳಕೊಂಡೀರಿ. ಭಾವಾರನ್ನ ಕರಿಸ್ಕೊಳ್ಳಾಕ ರಕ್ತದ ಸುಳ್ಳು ಹೂಡೇನಿ ಅಂತ ತಿಳಕೊಂಡೀರಿ. ನಿಮ್ಮ ಮನಸ್ನ್ಯಾಗ ಇರೋದು ನನಗ ಕೇಳಾಕತ್ತೈತಿ.

… ಸಂಕೇತನ್ನ ಕರೀರಿ. ಅವ್ರ ಅಣ್ಣನ ಮಗ ಅವ, ನಾಕಕ್ಷರ ಕಲ್ತಾನ, ಅವನರ ತಿಳಕೊಂಡಾನು… ಏನು ಮಾಡ್ಯಾನ? ಸ್ಟೇಟಸ್ ಹಾಕ್ಯಾನ? ಫೋಟೋ ಇಟ್ಟು?… ಅದಕ್ಕ ನಮ್ಮ ಸಾಲಿ ಟೀಚರ್ ಒಬ್ಬಾಕಿ ಆವಾಗ್ಲೆ ಕೈ ಮುಗಿಯೋ ಚಿತ್ರಾ ಕಳಿಸ್ಯಾಳ. ಯಾರಿಗೋ ಕಳಸೋದು ನನಗ ಬಂದೈತಿ ಅಂತ ಬಿಟ್ಟಿದ್ನಿ. ಲಿಂಗೈಕ್ಯ ಅಂತ ಬರದಾನೇನ್ರಿ ಅವ? ಕಾಕಾನ ಫೋಟೋ ಕೆಳಗ? ಕೂಸು ಹುಟ್ಟೋಕಿಂತ ಮೊದಲ ಕುಲಾಯಿ ಹೊಲಿಯೋರನ್ನ ಕೇಳಿದ್ನಿ, ನಿಮ್ಮಂಥವ್ರನ್ನ ಕಾಣೆ.

… ಅಳಾಕತ್ತಿಲ್ಲ.

… ಕಾಕಾರ, ನಿಮ್ಮ ಕಾಲಿಗೆ ಬೀಳ್ತೇನಿ. ನಾ ಈ ಮನಿಗೆ ಬಂದಾಗಿಂದ ನಿಮ್ಮೆದುರು ದನಿ ಎತ್ತಿಲ್ಲ. ಇವತ್ತ ಎತ್ತೇನಿ, ಬೈದೇನಿ, ಆಮ್ಯಾಲೆ ಬೇಕಾದ್ರ ಓಣ್ಯಾಗ ನಿಂದ್ರಿಸಿ ನನಗ ಬುದ್ಧಿ ಹೇಳ್ರಿ. ಈಗ ಮಾತ್ರ ಭಾವಾರನ್ನ ಹೊಲದಿಂದ ಕರಸ್ರಿ. ಅವ್ರು ಬಂದು, ಅವ್ರ ರಕ್ತ ಪರೀಕ್ಷಾ ಮಾಡಿ, ಆಮ್ಯಾಲೆ ಏರಸ್ತಾರ. ಅದಕ್ಕೆಲ್ಲಾ ವ್ಯಾಳ್ಯಾ ಹಿಡೀತೈತಿ. ಆ ವ್ಯಾಳ್ಯಾ ಇಲ್ರಿ ನಮ್ಮ ಹತ್ರ.

… ಏನಂದ್ರಿ? ಅವನ ಕೈಯಾಗ ಫೋನ್ ಕೊಡಬೇಕ? ಅವ್ರ ಮೂಗಿಗೆ ಗಾಳಿ ಹಚ್ಯಾರ್ರಿ, ಬಾಯಿ ಒಣಗೇತಿ. ಒಳಗ ಫೋನ್ ಒಯ್ಯಾಕ ಬಿಡಾಂಗಿಲ್ಲ… ಹೂಂ. ದನಿ ಕೇಳಿದ್ರ ನಂಬ್ತೀರಿ? ಖರೇನ ನಂಬ್ತೀರಿ? ಹಂಗಾರ ಇಡಬ್ಯಾಡ್ರಿ, ಹಿಡಕೊಂಡ ಇರ್ರಿ.

ಮುಸರತ್… ಮುಸರತ್, ಇಲ್ಲೆ ಬಾ. ಒಂದು ಉಪಕಾರ ಮಾಡು ತಂಗಿ. ನೀ ನರ್ಸ್ ಅದಿ, ರೂಲ್ಸ್ ನನಗೂ ಗೊತ್ತೈತಿ. ಊರಾಗ ನಮ್ಮ ಮಂದಿ ಇವ್ರು ಹೋಗ್ಯಾರ ಅಂತ ಭಜನಿ ಹಚ್ಯಾರ. ರಕ್ತ ಕೊಡೋ ಅಣ್ಣ ಅಲ್ಲೇ ಕುಂತಾನ. ಒಂದು ಮಾತು ಇವ್ರ ಬಾಯಿಲೆ ಕೇಳಿಸಿದ್ರ ಹೊಂಡ್ತಾರ… ಹೂಂ, ಚಪ್ಪಲಿ ಬಿಟ್ಟೇನಿ. ಹೂಂ, ಇದನ್ನ ಹಾಕ್ಕೊಂತೇನಿ. ಡಾಕ್ಟರು ಬೈದ್ರ ನನ್ನ ಹೆಸರು ಹೇಳು.

… ಕಾಕಾರ, ಒಳಗ ಬಂದೇನಿ. ಸಣ್ಣಗ ಮಾತಾಡಬೇಕು. ಮೊದಲ ಆ ಭಜನಿ ನಿಂದ್ರಸ್ರಿ… ನಿಂತ್ವು? ಹಾಂ.

ಏನ್ರಿ… ಏನ್ರಿ, ಕೇಳ್ತೈತಿ? ಕಣ್ಣು ತಗೀರಿ. ಶಿವಯೋಗೀಶ ಕಾಕಾರು ಫೋನ್‌ನ್ಯಾಗ ಅದಾರ. ಒಂದು ಮಾತಾಡ್ರಿ. ಏನರ ಅನ್ರಿ, ಅಷ್ಟ ಸಾಕು.

… ಅಂದ್ರು, ಕೇಳಿದ್ರೇನು?… ಅದು ಮಷಿನ್ ಸಪ್ಪಳಲ್ರಿ, ಅವ್ರ ದನಿ. ನಾ ಗಂಡಸರ ದನಿ ತಗದು ಮಾತಾಡ್ಲ್ಯಾ ನಿಮಗ?… ಏನು ಕೇಳ್ಲಿ? ಎತ್ತಿನ ಹೆಸರ? ಯಾವ ಎತ್ತು?… ನಿಮ್ಮನ್ನ ಕೆರಿ ದಂಡಿ ಮ್ಯಾಲೆ ಕೊಂಬಿಲೆ ಹಾದಿತ್ತಲ್ಲ, ಅದ. ಅದು ನಾ ಈ ಮನಿಗೆ ಬರೋಕಿಂತ ಮೊದಲಿಂದು. ನನಗ ಗೊತ್ತಿಲ್ಲ ಅಂತನ ಕೇಳಾಕತ್ತೀರಿ, ಹೌದಿಲ್ಲ? ಆಗ್ಲಿ.

ಏನ್ರಿ, ಕಾಕಾರನ್ನ ಹಾದಿತ್ತಂತಲ್ಲ, ಆ ಎತ್ತಿನ ಹೆಸರೇನು? ಕೆರಿ ದಂಡಿ ಮ್ಯಾಲೆ… ನಗಬ್ಯಾಡ್ರಿ, ನೋಯ್ತೈತಿ. ಹೆಸರಷ್ಟ ಹೇಳ್ರಿ. ಹಾಂ. ಫೋನಿಗೆ ಹೇಳ್ರಿ, ಫೋನಿಗೆ.

… ಕೌಲ್ಯಾ. ಕೌಲ್ಯಾ ಅಂದ್ರು. ಕೇಳಿದ್ರಿ?… ಕಾಕಾರ? ಹಲೋ?… ಅಳ್ರಿ, ಈಗ ಅಳ್ರಿ. ಆದ್ರ ಅಳಕೋತ ಮಂದಿನ್ನ ಓಡಸ್ರಿ. ಸಂಕೇತನ್ನ ಗಾಡಿ ಮ್ಯಾಲೆ ಹೊಲಕ್ಕ ಕಳಸ್ರಿ, ಫೋನ್ ಅವನ ಕೈಯಾಗ ಕೊಡ್ರಿ, ಇದನ್ನ ಕಟ್ ಮಾಡಬ್ಯಾಡ್ರಿ… ಏನು ಹೊಯ್ಕೊಳ್ಳಾಕತ್ತಾರ ಎಲ್ಲಾರೂ? ಸಂಗವ್ವಕ್ಕನ ದನಿ ಅಲ್ಲೇನದು? ಆಕಿಗೆ ನೀರು ಕೊಡ್ರಿ.

ನಾ ಹೊರಗ ಹೋಗ್ತೇನಿ ರೀ. ಇಲ್ಲೇ ಬಾಗಲದಾಗ ಇರ್ತೇನಿ. ಅಣ್ಣಾರು ಬರ್ತಾರ. ಹೂಂ ಅನ್ರಿ. ಕಣ್ಣು ಮುಚ್ಚಬ್ಯಾಡ್ರಿ, ಇಲ್ಲೆ ನನ್ನ ಕಡೆ ನೋಡ್ರಿ… ಆತು ಮುಸರತ್, ಹೊಂಟೇನವಾ.

… ಹಲೋ, ಕಾಕಾರ? ಸಂಕೇತ ಹೊಂಟಾನ?… ಯಾಕ ಹೊಂಟಿಲ್ಲ?… ಏನು ಕುಣಿ?… ನೀವು ಕುಣಿ ತೋಡಿಸೀರಿ?… ಅದಕ್ಕ ಭಾವಾರು ಹೊಲಕ್ಕ ಹೋಗ್ಯಾರ. ಮಾವನವ್ರ ಮಗ್ಗಲದಾಗ ಜಾಗಾ ತೋರಿಸಾಕ.

… ತಡೀರಿ, ಕುಂದ್ರತೇನಿ.

… ಹೇಳ್ರಿ. ಕೇಳಾಕತ್ತೇನಿ… ತೋಡಿದ ಕುಣಿ ಬರೇ ಬಿಡಬಾರ್ದು. ಮನಿತನಕ್ಕ ಛಲೋದಲ್ಲ. ಅದಕ್ಕ ಏನರ ಕೊಟ್ಟು, ಮುಚ್ಚಿ, ಅಯ್ಯನವ್ರ ಕಡೆಯಿಂದ ಪೂಜಿ ಮಾಡಿಸಿ, ಆಮ್ಯಾಲೆ ಮನಿ ಯಜಮಾನ ಊರ ಸೀಮಿ ದಾಟಬೇಕು. ಅಯ್ಯನವ್ರು ಎಲ್ಲಿ ಅದಾರ? ಧಾರವಾಡಕ್ಕ ಹೋಗ್ಯಾರ. ಬರಾಕತ್ತಾರ.

… ಕಾಕಾರ, ನೀವು ದೊಡ್ಡವ್ರು. ನಾ ದೇವ್ರು ದಿಂಡರು ಅನ್ನಾಂಗಿಲ್ಲ ಅಂತಲ್ಲ. ಮುಂಜಾನಿಂದ ಈ ಕಟ್ಟಿ ಮ್ಯಾಲೆ ಕುಂತು ಎಷ್ಟು ದೇವ್ರಿಗೆ ಹರಕಿ ಹೊತ್ತೇನಿ ಅಂತ ನನಗ ಲೆಕ್ಕ ಇಲ್ಲ. ಆದ್ರ ಆ ಕುಣಿಗೆ ಏನರ ಕೊಡಬೇಕಂತಿದ್ರ ಬಾಳಿ ದಿಂಡು ಕೊಡ್ರಿ. ಕಲ್ಲು ಕೊಡ್ರಿ. ನಿಮ್ಮ ಕೈಲೆ ನೀವ ಮಣ್ಣು ಎಳೀರಿ. ತೋಡಿಸಿದವ್ರು ನೀವು, ಮುಚ್ಚವ್ರೂ ನೀವ ಆಗ್ರಿ. ಭಾವಾರು ಅಯ್ಯನವ್ರ ದಾರಿ ನೋಡ್ಕೋತ ಕುಣಿ ದಂಡಿಗೆ ಕುಂತ್ರ, ಅದು ಬರೇ ಉಳಿಯಾಂಗಿಲ್ರಿ, ಸಂಜೀತನಕ ತುಂಬತೈತಿ. ಯಾರು ತುಂಬ್ತಾರ ಅಂತ ನನ್ನ ಬಾಯಿಲೆ ಅನಿಸಬ್ಯಾಡ್ರಿ.

… ಹೂಂ. ಹೂಂ, ಕಳಸ್ರಿ. ಪಾಪ ಬಂದ್ರ ನನ್ನ ಕೊಳ್ಳಿಗೆ ಬರ್ಲಿ, ಖರೇನ. ಬರ್ಕೊಡ್ತೇನಿ ಬೇಕಾದ್ರ. ಸಂಕೇತಗ ಫೋನ್ ಕೊಡ್ರಿ.

… ಸಂಕೇತಾ, ಕಾಕಿ ಮಾತಾಡಾಕತ್ತೇನಿ. ಬೈಯಾಂಗಿಲ್ಲೋ, ಹೊಂಡು ಮೊದಲ. ಆ ಸ್ಟೇಟಸ್ ಆಮ್ಯಾಲೆ ಅಳಸು. ಗಾಡಿ ಹಚ್ಚು.

… ಹೂಂ. ಸಪ್ಪಳ ಕೇಳಾಕತ್ತೈತಿ. ನಡಿ, ನಡಿ.

… ಹಲೋ. ಮುಟ್ಟಿದ್ಯಾ? ಕೊಡು ಅಪ್ಪಗ. ಏನೂ ಹೇಳಬ್ಯಾಡ ನೀ, ಸುಮ್ನ ಕಿವಿಗೆ ಹಿಡಿ.

… ಭಾವಾರ. ನಾನ್ರಿ, ಉಮಾ. ಮೊದಲ ಒಂದ ಮಾತು ಕೇಳ್ರಿ. ಪ್ರಸಾದ ಅದಾರ. ಜೀವ ಐತಿ. ಈಗ ಮಾತಾಡಿದ್ರು, ಕೌಲ್ಯಾನ ಹೆಸರು ಹೇಳಿ ನಕ್ಕರು. ನೀವು ಬರಬೇಕು, ನಿಮ್ಮ ರಕ್ತ ಬೇಕು.

… ಭಾವಾರ?

… ಹೂಂ ರೀ. ಹೂಂ… ನಿಮ್ಮ ತಮ್ಮನ ಆಣಿ. ನನ್ನ ತಾಳಿ ಆಣಿ. ಇದಕ್ಕಿಂತ ದೊಡ್ಡ ಆಣಿ ನನಗ ಬರಾಂಗಿಲ್ರಿ… ಅಲ್ಲೇ ಕುಂದ್ರಬ್ಯಾಡ್ರಿ. ಮ್ಯಾಲೆ ಏಳ್ರಿ. ಕೈಯಾಗಿಂದು ಬಿಡ್ರಿ, ಮಣ್ಣು ತೊಳಕೊಳ್ಳಾಕೂ ನಿಂದ್ರಬ್ಯಾಡ್ರಿ.

… ಕಾರು? ಓಣ್ಯಾಗ ಪೆಂಡಾಲ್ ಹೊಡದಾರ, ಮಣ್ಣಿಗೆ ಬಂದವ್ರ ಗಾಡಿ ನಿಂತಾವ, ಕಾರು ಹೊರಗ ಬರಾಂಗಿಲ್ಲ ಅಂದ್ರ… ಸಂಕೇತನ ಗಾಡಿ ಮ್ಯಾಲೆನ ಬರ್ರಿ. ಅವ ಹೊಡೀಲಿ, ನೀವು ಹಿಂದ ಕುಂದ್ರರಿ… ಅವ ಕುಣಿ ಮುಚ್ಚಾಕ ಅಲ್ಲೇ ಉಳೀಲಿ ಅಂತೀರಿ? ನೀವ ಹೊಡೀತೀರಿ? ಒಬ್ಬರ? ಭಾವಾರ, ನಿಮಗ ಬೀಪಿ ಐತಿ… ಆತು, ಆತು, ಹೊಂಡ್ರಿ. ನಿಂತು ಮಾತಾಡೋದಕ್ಕಿಂತ ಹೊಂಡೋದು ಛಲೋ.

… ಫೋನ್ ಬಂದ್ ಮಾಡಾಂಗಿಲ್ಲ ಅಂತೀರಿ? ರುಮಾಲಿನ್ಯಾಗ ಸಿಗಿಸಿಕೊಂಡೀರಾ? ಹೂಂ, ನಾನೂ ಬಂದ್ ಮಾಡಾಂಗಿಲ್ಲ. ಹಿಂಗ ಹಿಡಕೊಂಡ ಇರ್ತೇನಿ. ನಿಮ್ಮ ಗಾಡಿ ಸಪ್ಪಳ ಕೇಳಿದ್ರ ನನಗೂ ಧೈರ್ಯ.

… ಲಗೂ ಬರ್ರಿ ಭಾವಾರ. ಲಗೂ ಬರ್ರಿ.

… ಹಾಂ, ಕೇಳ್ತೈತಿ. ಊರು ದಾಟಿದ್ರಿ? ಗಾಳಿ ಸಪ್ಪಳಾನ ಭಾಳ… ಹೆಂಗ ಅದಾನ ಅಂತನ? ಸೀರಿಯಸ್ ಅದಾರ. ಇಲ್ರಿ, ಅಂಜಬ್ಯಾಡ್ರಿ, ಆ ಸೀರಿಯಸ್ ಅಲ್ಲ. ನಿಮ್ಮ ಸೀರಿಯಸ್ ಬ್ಯಾರೆ, ನಂದು ಬ್ಯಾರೆ. ನನ್ನ ಬಾಯಿಲೆ ಬಂದ್ರ ಅದಾರ ಅಂತನ ಅರ್ಥಾ. ಇನ್ನ ಮ್ಯಾಲೆ ನೀವು ನನ್ನ ಮಾತಷ್ಟ ನಂಬ್ರಿ, ಉಳಿದವ್ರದು ಬ್ಯಾಡ… ಹೂಂ. ನಂಬೇನಿ ಅಂದ್ರಲ್ಲ, ಸಾಕು.

… ಅತ್ರ ಕಣ್ಣಿಗೆ ದಾರಿ ಕಾಣಾಂಗಿಲ್ಲ. ವರಸ್ಕೋರಿ. ನಾ ಬೈದದ್ದನ್ನ ಕಾಕಾರಿಗೆ ಹೇಳ್ತೇನಿ, ಮನಸ್ಸಿಗೆ ಹಚ್ಚಿಕೊಳ್ಳಬ್ಯಾಡ್ರಿ ಅಂತ. ಇವ್ರು ಎದ್ದು ಕುಂತ ಮ್ಯಾಲೆ ಈ ಸುದ್ದಿ ಕೇಳಿ ಎಷ್ಟು ನಗ್ತಾರ ನೋಡ್ರಿ. ನನ್ನ ಮಣ್ಣಿಗೆ ಎಷ್ಟು ಮಂದಿ ಕೂಡಿದ್ರು ಅಂತ ಅದನ್ನ ಮೊದಲ ಕೇಳ್ತಾರ.

… ಭಾವಾರ, ಒಂದು ಸ್ವಲ್ಪ ತಡೀರಿ. ಡಾಕ್ಟರು ಹೊರಗ ಬಂದ್ರು. ಮಾತಾಡಿ ಹೇಳ್ತೇನಿ. ನೀವು ದಾರಿ ನೋಡ್ಕೋತ ಬರ್ರಿ.

ಡಾಕ್ಟರ್, ಅವ್ರ ಅಣ್ಣಾರು ಹೊಂಟಾರ್ರಿ. ಅದ ರಕ್ತ. ದಾರ್ಯಾಗ ಅದಾರ, ಇಗೋ, ಫೋನ್ ಚಾಲೂ ಐತಿ. ನೀವು ತಯಾರಿ ಮಾಡ್ಕೊಂಡ್ರ, ಅವ್ರು ಬಂದ ಕೂಡ್ಲೆ…

… ಇಲ್ರಿ, ಕುಂದ್ರಾಂಗಿಲ್ಲ. ನಿಂತೇ ಕೇಳ್ತೇನಿ.

… ಮುಸರತ್, ನೀ ಯಾಕ ಆ ಕಡೆ ಮಾರಿ ಮಾಡಿ ನಿಂತಿ?

… ಡಾಕ್ಟರ್, ಇಂಗ್ಲಿಷ್ ಬ್ಯಾಡ್ರಿ. ನನಗ ಇಂಗ್ಲಿಷ್ ಬರಾಂಗಿಲ್ಲ. ಕನ್ನಡದಾಗ ಹೇಳ್ರಿ.

… ಹೂಂ.

… ಹೂಂ. ತಿಳೀತು.

… ಈಗ ಮಾತಾಡಿದ್ರಲ್ರಿ ನನ್ನ ಕೂಡ. ಈಗ.

… ಇಲ್ಲ, ಕೈ ಹಿಡೀಬ್ಯಾಡ್ರಿ. ನನ್ನ ಕೈಯಾಗ ಫೋನ್ ಐತಿ. ಅವ್ರು ಕೇಳಾಕತ್ತಾರ. ಸಣ್ಣಗ ಮಾತಾಡ್ರಿ.

… ಹಲೋ.

… ಹೂಂ ಭಾವಾರ, ಇಲ್ಲೇ ಅದೇನಿ. ಇಲ್ಲ, ದನಿ ಹಂಗೇನಿಲ್ಲ, ಗಂಟಲಾ ಒಣಗೇತಿ. ಮುಂಜಾನಿಂದ ನೀರು ಕುಡಿದಿಲ್ಲ… ಕುಡೀತೇನಿ. ಎಲ್ಲಿ ಬಂದ್ರಿ ನೀವು? ಏನದು, ಲಾರಿ ಹಾರ್ನ್ ಏನ್ರಿ? ಎಷ್ಟು ಜೋರ್ ಹೊಡ್ಯಾಕತ್ತೀರಿ?

… ಡಾಕ್ಟರು? ಏನಂತಾರ, ಅದ ಮೊದಲಿಂದ… ಹೂಂ. ಸೀರಿಯಸ್ ಅದಾರ.

… ಹೌದ್ರಿ. ನನ್ನ ಸೀರಿಯಸ್.

… ಅತ್ತಿಲ್ರಿ. ನೀವು ನಕ್ಕದ್ದು ಕೇಳಿ ಹಂಗ ಅನಿಸ್ತು… ಹೂಂ, ವ್ಯಾಳ್ಯಾ ಐತಿ. ಈಗ ಭಾಳ ವ್ಯಾಳ್ಯಾ ಐತಿ. ಜೋರ್ ಬ್ಯಾಡ್ರಿ ಭಾವಾರ, ನಿಮಗ ಕೈ ಮುಗೀತೇ… ಇಲ್ಲ, ಲಗೂ ಬ್ಯಾಡ. ಗಾಡಿ ದಂಡಿಗೆ ಹೊಡಕೋತ, ಸಾವಕಾಶ ಬರ್ರಿ. ಸಾವಕಾಶ ಬರ್ರಿ, ನಾ ಇಲ್ಲೇ…

… ಹಲೋ? ಗಾಡಿ ಸಪ್ಪಳ ಕೇಳವಲ್ದು. ಭಾವಾರ? ಹಲೋ…